ಉದ್ಯೋಗ ಪ್ರಶ್ನೋತ್ತರ: ನಮ್ಮ ಕೌಶಲ, ಅವರ ಕೆಲಸ, ನಡುವೆ ಒಂದು ರೆಸ್ಯೂಮೆ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಬಹುಪಾಲು ರೆಸ್ಯೂಮೆಗೆ ಸಂಬಂಧಿಸಿದವು. ಓದಿದೆ, ಅನುಭವವಿದೆ, ಆದರೂ ಸಂದರ್ಶನಕ್ಕೆ ಕರೆ ಬರುತ್ತಿಲ್ಲ ಎಂಬ ಅಳಲು ಹೆಚ್ಚಿನವುಗಳಲ್ಲಿದೆ. ಬೇರೆ ಬೇರೆ ವೃತ್ತಿಗಳಿಗೆ ಸೇರಿದ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ನಾನು ಬಿ.ಕಾಂ. ಪದವೀಧರ. ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬೆಂಗಳೂರು, ಹುಬ್ಬಳ್ಳಿಯ ಕಂಪನಿಗಳಲ್ಲಿ ಅಕೌಂಟೆಂಟ್ ಹುದ್ದೆಗಳಿಗೆ ಅರ್ಜಿ ಹಾಕುತ್ತಲೇ ಇದ್ದೇನೆ. ಎಲ್ಲ ಕಡೆಗೂ ಒಂದೇ ರೆಸ್ಯೂಮೆ ಕಳುಹಿಸುತ್ತೇನೆ. ‘ಟ್ಯಾಲಿ, ಜಿಎಸ್‌ಟಿ, ಎಂಎಸ್ ಆಫೀಸ್ ಗೊತ್ತಿದೆ, ಶ್ರಮಪಟ್ಟು ದುಡಿಯುವ ಸ್ವಭಾವ, ತಂಡದೊಂದಿಗೆ ಹೊಂದಿಕೊಳ್ಳುತ್ತೇನೆ’ ಎಂದು ಅದರಲ್ಲಿದೆ. ಹುದ್ದೆಗೆ ತಕ್ಕಂತೆ ರೆಸ್ಯೂಮೆ ಬದಲಿಸಬೇಕು ಎಂದು ಸ್ನೇಹಿತರು ಹೇಳುತ್ತಾರೆ. ಹಾಗೆಂದರೆ ನಿಜವಾಗಿ ಏನು ಮಾಡಬೇಕು?
— ದಾವಣಗೆರೆಯ ಓದುಗ

ಉತ್ತರ: ನಿಮ್ಮ ರೆಸ್ಯೂಮೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಕಳೆದ ಮೂರು ವರ್ಷ ನೀವು ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ಮಾಡಿದಿರಿ ಎಂಬುದು ಅದನ್ನು ಓದಿದವರಿಗೆ ತಿಳಿಯುವುದಿಲ್ಲ. ‘ಜಿಎಸ್‌ಟಿ ಗೊತ್ತಿದೆ’ ಎಂದು ಎರಡು ವಾರದ ತರಬೇತಿ ಮುಗಿಸಿದ ವಿದ್ಯಾರ್ಥಿಯೂ ಬರೆಯುತ್ತಾನೆ, ಹತ್ತಾರು ವ್ಯಾಪಾರಿಗಳ ವಿವರಗಳನ್ನು ತಿಂಗಳು ತಿಂಗಳೂ ಸಲ್ಲಿಸಿದವರೂ ಬರೆಯುತ್ತಾರೆ. ಅರ್ಜಿಗಳ ರಾಶಿಯ ಮುಂದೆ ಕುಳಿತವರಿಗೆ ಇಬ್ಬರೂ ಒಂದೇ ಆಗಿ ಕಾಣುತ್ತಾರೆ. ನಿಮ್ಮ ಮೂರು ವರ್ಷದ ದುಡಿಮೆ ಆ ಎರಡು ಪದಗಳೊಳಗೆ ಅಡಗಿಹೋಗಿದೆ.

ಬದಲಾವಣೆ ಜಾಹೀರಾತನ್ನು ಓದುವ ರೀತಿಯಿಂದಲೇ ಆರಂಭವಾಗಬೇಕು. ‘ಮಾಸಿಕ ಜಿಎಸ್‌ಟಿ ವಿವರ ಸಲ್ಲಿಕೆ, ಇನ್‌ಪುಟ್ ಕ್ರೆಡಿಟ್ ತಾಳೆ, ಬ್ಯಾಂಕ್ ತಾಳೆ, ಇ-ವೇ ಬಿಲ್, ಟಿಡಿಎಸ್’ ಎಂದು ಜಾಹೀರಾತಿನಲ್ಲಿದ್ದರೆ, ಅದು ಬರೀ ಅರ್ಹತೆಯ ಪಟ್ಟಿಯಲ್ಲ, ಆ ಕಂಪನಿಯ ಪ್ರತಿ ತಿಂಗಳ ಫಜೀತಿಯ ಪಟ್ಟಿ. ಮಾಸಿಕವಾಗಿ ಸಲ್ಲಿಸುವವರು ಜಿಎಸ್‌ಟಿಆರ್-1 ಎಂಬ ಮಾರಾಟದ ವಿವರವನ್ನು ಮುಂದಿನ ತಿಂಗಳ 11ರೊಳಗೆ, 3ಬಿ ಎಂಬ ತೆರಿಗೆ ಲೆಕ್ಕದ ಸಾರಾಂಶವನ್ನು 20ರೊಳಗೆ ಕೊಡಬೇಕು. ತಪ್ಪಿದರೆ ವಿಳಂಬ ಶುಲ್ಕ, ತೆರಿಗೆ ಬಾಕಿಯಿದ್ದರೆ ಬಡ್ಡಿ. ಸರಕು ಕೊಟ್ಟವನು ತನ್ನ ವಿವರ ಸಲ್ಲಿಸದಿದ್ದರೆ ಆ ಬಿಲ್ಲು ಕಂಪನಿಯ 2ಬಿಯಲ್ಲಿ, ಅಂದರೆ ಜಿಎಸ್‌ಟಿ ತಾಣ ತಾನೇ ತಯಾರಿಸುವ ಖರೀದಿಯ ಪಟ್ಟಿಯಲ್ಲಿ, ಕಾಣಿಸುವುದಿಲ್ಲ, ಕಟ್ಟಿದ ತೆರಿಗೆಯ ಕ್ರೆಡಿಟ್ ಕೈಗೆ ಬರುವುದಿಲ್ಲ. ಆದ್ದರಿಂದ ‘ಇನ್‌ಪುಟ್ ಕ್ರೆಡಿಟ್ ತಾಳೆ’ ಎಂದು ಅವರು ಬರೆದಾಗ, ಖರೀದಿ ಪುಸ್ತಕವನ್ನೂ 2ಬಿಯನ್ನೂ ಎದುರುಬದುರಾಗಿಟ್ಟು ವ್ಯತ್ಯಾಸ ಹುಡುಕುವವರು, ಆಮೇಲೆ ಸರಬರಾಜುದಾರರಿಗೆ ಫೋನ್ ಮಾಡಿ ಬೆನ್ನುಹತ್ತುವವರು ಬೇಕಾಗಿದ್ದಾರೆ ಎಂದು ಅರ್ಥ. 50,000 ರೂಪಾಯಿಗಿಂತ ಹೆಚ್ಚಿನ ಸರಕು ಹೊರಡಬೇಕಾದರೆ ಸಾಮಾನ್ಯವಾಗಿ ಇ-ವೇ ಬಿಲ್ (ಸರಕು ಸಾಗಣೆಯ ವಿದ್ಯುನ್ಮಾನ ದಾಖಲೆ) ಬೇಕು. ಅದಾಗುವವರೆಗೆ ಲಾರಿ ಗೇಟಿನಲ್ಲೇ ನಿಂತಿರುತ್ತದೆ. ವಾರ್ಷಿಕ ವಹಿವಾಟು 5 ಕೋಟಿ ದಾಟಿದ ಸಂಸ್ಥೆಗಳಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ (ಸರ್ಕಾರದ ತಾಣದಲ್ಲಿ ನೋಂದಾಯಿಸಿದ ಬಿಲ್ಲು) ಕಡ್ಡಾಯವಾಗಿದೆ. ಪ್ರತಿಯೊಂದು ಪದದ ಹಿಂದೆ ಇಂಥದೊಂದು ಕೆಲಸವಿದೆ, ಅದು ನಿಂತರೆ ಆಗುವ ನಷ್ಟವಿದೆ.

ಇನ್ನು ಒಂದು ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಗಡೆ ಜಾಹೀರಾತಿನ ಒಂದೊಂದೇ ಕೆಲಸವನ್ನು ಬರೆಯಿರಿ. ಬಲಗಡೆ, ಆ ಕೆಲಸವನ್ನು ನೀವು ಎಷ್ಟು ಕಕ್ಷಿದಾರರಿಗೆ, ಎಷ್ಟು ಕಾಲ, ಯಾವ ತಂತ್ರಾಂಶದಲ್ಲಿ, ಯಾರ ನೆರವಿಲ್ಲದೆ ಅಥವಾ ಯಾರ ಮೇಲ್ವಿಚಾರಣೆಯಲ್ಲಿ ಮಾಡಿದ್ದೀರಿ ಎಂಬುದನ್ನು ಬರೆಯಿರಿ. ಬಲಗಡೆ ಖಾಲಿ ಉಳಿದದ್ದು ಖಾಲಿಯೇ ಇರಲಿ. ತುಂಬಿದ ಸಾಲುಗಳಿಂದಲೇ ನಿಮ್ಮ ರೆಸ್ಯೂಮೆ ಹುಟ್ಟಬೇಕು. ಆಗ ‘ಜಿಎಸ್‌ಟಿ ಗೊತ್ತಿದೆ’ ಎಂಬುದರ ಜಾಗದಲ್ಲಿ ಹೀಗೊಂದು ಸಾಲು ಬರುತ್ತದೆ: ‘ಮೂವತ್ತು ಕಕ್ಷಿದಾರರ ಜಿಎಸ್‌ಟಿಆರ್-1 ಮತ್ತು 3ಬಿ ವಿವರಗಳನ್ನು ಪ್ರತಿ ತಿಂಗಳು ಸಿದ್ಧಪಡಿಸಿ ಸಲ್ಲಿಸುತ್ತೇನೆ, ಖರೀದಿ ಪುಸ್ತಕವನ್ನು 2ಬಿಯೊಂದಿಗೆ ತಾಳೆ ನೋಡಿ, ಬಾರದ ಬಿಲ್ಲುಗಳ ಪಟ್ಟಿಯನ್ನು ಕಕ್ಷಿದಾರರಿಗೆ ಕಳುಹಿಸುತ್ತೇನೆ.’ ಸಂಖ್ಯೆ ನಿಮ್ಮ ಕಚೇರಿಯದ್ದೇ ಆಗಿರಬೇಕು, ಇದು ಮಾದರಿ ಮಾತ್ರ. ಕಕ್ಷಿದಾರರ ಹೆಸರುಗಳನ್ನು ಬರೆಯಬೇಡಿ. ಅವರ ಲೆಕ್ಕ ನಿಮ್ಮ ಕೈಗೆ ಬಂದದ್ದು ನಂಬಿಕೆಯ ಮೇಲೆ. ‘ಅಕ್ಕಿ ಗಿರಣಿ, ಔಷಧ ವಿತರಕರು, ಗುತ್ತಿಗೆದಾರರು’ ಎಂದು ವ್ಯಾಪಾರದ ಬಗೆಯನ್ನು ಹೇಳಿದರೆ ಸಾಕು. ಅದೇ ಬಗೆಯ ವ್ಯಾಪಾರದ ಕಂಪನಿಗೆ ನೀವು ಅರ್ಜಿ ಹಾಕುತ್ತಿದ್ದರೆ ಆ ಮಾತನ್ನು ಮೊದಲ ಸಾಲಿಗೇ ತನ್ನಿ.

ನಿಮ್ಮಂಥವರ ವಿಷಯದಲ್ಲಿ ಕಂಪನಿಗಳಿಗೆ ಒಂದು ಅನುಮಾನ ಇದ್ದೇ ಇರುತ್ತದೆ, ಅದನ್ನು ನೀವೇ ಮೊದಲು ನಿವಾರಿಸುವುದು ಒಳ್ಳೆಯದು. ಲೆಕ್ಕಪರಿಶೋಧಕರ ಕಚೇರಿಗೆ ಬಿಲ್ಲುಗಳು ಬರುವುದು ವ್ಯವಹಾರ ಮುಗಿದ ಮೇಲೆ. ಕಂಪನಿಯ ಅಕೌಂಟೆಂಟ್‌ಗೆ ವ್ಯವಹಾರ ನಡೆಯುತ್ತಿರುವಾಗಲೇ ಬಿಲ್ಲು, ಪಾವತಿ, ದಾಸ್ತಾನು, ಬಾಕಿ ವಸೂಲಿ ಎಲ್ಲವೂ ಎದುರಾಗುತ್ತವೆ. ಯಾವುದಾದರೂ ಒಬ್ಬ ಕಕ್ಷಿದಾರರ ಪುಸ್ತಕಗಳನ್ನು ವೋಚರ್ ನಮೂದಿನಿಂದ ವರ್ಷಾಂತ್ಯದ ಬ್ಯಾಲೆನ್ಸ್ ಶೀಟಿನವರೆಗೆ ನೀವೊಬ್ಬರೇ ನೋಡಿಕೊಂಡಿದ್ದರೆ, ಅದಕ್ಕೆ ಪ್ರತ್ಯೇಕ ಸಾಲು ಕೊಡಿ. ನಿಮ್ಮ ಇಡೀ ರೆಸ್ಯೂಮೆಯಲ್ಲಿ ಅದೇ ಅತ್ಯಂತ ಬೆಲೆಬಾಳುವ ಸಾಲು ಆಗಬಹುದು.

ಜಾಹೀರಾತಿನಲ್ಲಿರುವ ಪದವನ್ನೇ ಬಳಸಿ. ಉದ್ಯೋಗ ತಾಣಗಳಲ್ಲೂ ದೊಡ್ಡ ಕಂಪನಿಗಳಲ್ಲೂ ಸಾವಿರಾರು ರೆಸ್ಯೂಮೆಗಳ ನಡುವೆ ಪದಗಳ ಮೂಲಕವೇ ಹುಡುಕುತ್ತಾರೆ. ಅವರು ‘ಬ್ಯಾಂಕ್ ರಿಕನ್ಸಿಲಿಯೇಶನ್’ ಎಂದು ಹುಡುಕಿದಾಗ ನೀವು ‘ಬಿಆರ್‌ಎಸ್’ ಎಂದಷ್ಟೇ ಬರೆದಿದ್ದರೆ ನಿಮ್ಮ ಹೆಸರು ಕಾಣದೇ ಹೋಗಬಹುದು. ಎರಡನ್ನೂ ಒಮ್ಮೆ ಬರೆದುಬಿಡಿ. ಶ್ರಮಜೀವಿ, ತಂಡಕ್ಕೆ ಹೊಂದಿಕೊಳ್ಳುವವನು ಎಂಬ ಮಾತುಗಳನ್ನು ತೆಗೆಯಿರಿ. ಯಾರೂ ತಮ್ಮನ್ನು ಸೋಮಾರಿ ಎಂದು ಬರೆದುಕೊಳ್ಳುವುದಿಲ್ಲವಾದ್ದರಿಂದ ಅವು ನಿಮ್ಮ ಬಗ್ಗೆ ಏನನ್ನೂ ತಿಳಿಸುವುದಿಲ್ಲ.

ಪ್ರತಿ ಅರ್ಜಿಗೂ ಹೊಸದಾಗಿ ಬರೆಯುವುದು ಕಷ್ಟವಲ್ಲವೇ ಎಂದು ನಿಮಗೆ ಅನ್ನಿಸಬಹುದು. ನೀವು ಮಾಡಿದ ಎಲ್ಲ ಕೆಲಸವನ್ನೂ ವಿವರವಾಗಿ ಬರೆದ ಮೂಲ ಪ್ರತಿಯೊಂದನ್ನು, ಅದು ನಾಲ್ಕೈದು ಪುಟವಾದರೂ ಸರಿ, ನಿಮ್ಮ ಬಳಿ ಇಟ್ಟುಕೊಳ್ಳಿ. ಅರ್ಜಿ ಹಾಕುವಾಗ ಅದರಿಂದ ಬೇಕಾದ ಸಾಲುಗಳನ್ನು ಆರಿಸಿ, ಆ ಹುದ್ದೆಗೆ ಮುಖ್ಯವಾದುದನ್ನು ಮೇಲಕ್ಕೆ ತಂದರೆ ಅರ್ಧ ಗಂಟೆಯ ಕೆಲಸ. ಮೂರು ವರ್ಷದ ಅನುಭವಕ್ಕೆ ಒಂದು ಪುಟ ಸಾಕು.

ಪ್ರಶ್ನೆ: ಐಟಿಐನಲ್ಲಿ ಟರ್ನರ್ ಟ್ರೇಡ್ ಮುಗಿಸಿ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಸಿಎನ್‌ಸಿ (ಗಣಕ ನಿಯಂತ್ರಿತ) ಮೆಷಿನ್ ನಡೆಸುತ್ತಿದ್ದೇನೆ. ನೇಮಕಾತಿ ಪತ್ರದಲ್ಲಿ ನನ್ನ ಹುದ್ದೆ ‘ಹೆಲ್ಪರ್’ ಎಂದಿದೆ. ಈಗ ಪೀಣ್ಯದ ಕಂಪನಿಯೊಂದು ‘ಸೆಟ್ಟರ್ ಕಮ್ ಆಪರೇಟರ್’ ಹುದ್ದೆಗೆ ಜನ ಕೇಳಿದೆ. ಸೆಟ್ಟಿಂಗ್ ಕೂಡ ಸ್ವಲ್ಪ ಬರುತ್ತದೆ. ರೆಸ್ಯೂಮೆಯಲ್ಲಿ ಸೆಟ್ಟರ್ ಎಂದೇ ಬರೆಯಬಹುದೇ?
— ತುಮಕೂರಿನ ಓದುಗ

ಉತ್ತರ: ಹುದ್ದೆಯ ಹೆಸರನ್ನು ನೇಮಕಾತಿ ಪತ್ರದಲ್ಲಿ ಇರುವಂತೆಯೇ ಬರೆಯಿರಿ, ಏಕೆಂದರೆ ಮುಂದೆ ಪರಿಶೀಲನೆ ನಡೆದಾಗ ಹಳೆಯ ಕಂಪನಿ ಹೇಳುವುದು ಅದನ್ನೇ. ಆದರೆ ಆ ಹೆಸರಿನ ಕೆಳಗೆ ನೀವು ಮಾಡಿದ ಕೆಲಸವನ್ನು ಬರೆಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ನಮ್ಮ ಸಣ್ಣ ಕೈಗಾರಿಕೆಗಳಲ್ಲಿ ಕಾಗದದ ಮೇಲಿನ ಹುದ್ದೆಗೂ ಕೈಯ ಕೆಲಸಕ್ಕೂ ಅಂತರವಿರುವುದು ಸಾಮಾನ್ಯ, ನೇಮಕ ಮಾಡುವ ಪ್ರೊಡಕ್ಷನ್ ಮ್ಯಾನೇಜರ್‌ಗೆ ಅದು ಚೆನ್ನಾಗಿ ಗೊತ್ತಿರುತ್ತದೆ.

‘ಸ್ವಲ್ಪ ಬರುತ್ತದೆ’ ಎಂದಿದ್ದೀರಿ. ರೆಸ್ಯೂಮೆಯಲ್ಲಿ ಬಿಡಿಸಿ ಹೇಳಬೇಕಾದದ್ದು ಈ ‘ಸ್ವಲ್ಪ’ವನ್ನೇ. ಸೆಟ್ಟಿಂಗ್ ಎಂದರೆ ಒಂದು ಜಾಬ್ ಮುಗಿದು ಇನ್ನೊಂದು ಜಾಬ್ ಬಂದಾಗ ಪೀಸ್ ಹಿಡಿಯುವ ಚಕ್‌ನ ಜಾ ಬದಲಿಸಿ ಬೋರ್ ಮಾಡುವುದು, ಟೂಲ್‌ಗಳನ್ನು ಟರೆಟ್‌ಗೆ ಕಟ್ಟುವುದು, ಟೂಲ್ ಆಫ್‌ಸೆಟ್ (ಪ್ರತಿ ಟೂಲ್‌ನ ಸ್ಥಾನದ ಅಳತೆ) ತೆಗೆದುಕೊಳ್ಳುವುದು, ವರ್ಕ್ ಜೀರೋ (ಅಳತೆ ಆರಂಭವಾಗುವ ಬಿಂದು) ಕೊಡುವುದು, ಪ್ರೋಗ್ರಾಂ ಕರೆದು ಪೀಸ್ ಕತ್ತರಿಸದೆ ಡ್ರೈ ರನ್ ಮಾಡುವುದು, ಮೊದಲ ಪೀಸ್ ತೆಗೆದು ಇನ್‌ಸ್ಪೆಕ್ಷನ್‌ನಲ್ಲಿ ಓಕೆ ಮಾಡಿಸುವುದು. ಆಮೇಲಿನದು ಆಪರೇಟರ್ ಕೆಲಸ: ಪೀಸ್ ಹಾಕುವುದು, ತೆಗೆಯುವುದು, ನಡುನಡುವೆ ಅಳೆಯುವುದು, ಇನ್‌ಸರ್ಟ್ ಸವೆದಂತೆ ವೇರ್ ಆಫ್‌ಸೆಟ್ ತಿದ್ದುವುದು, ಸವೆದು ಹೋದಾಗ ಇನ್‌ಸರ್ಟ್ ಬದಲಿಸುವುದು. ಈ ಪಟ್ಟಿಯ ಪ್ರತಿಯೊಂದರ ಮುಂದೆಯೂ ‘ಒಬ್ಬನೇ ಮಾಡುತ್ತೇನೆ’, ‘ಸೆಟ್ಟರ್ ಜೊತೆಗಿದ್ದು ಮಾಡಿದ್ದೇನೆ’, ‘ನೋಡಿದ್ದೇನೆ’ ಇವುಗಳಲ್ಲಿ ಒಂದನ್ನು ಗುರುತು ಹಾಕಿಕೊಳ್ಳಿ. ಮೊದಲನೆಯದು ನೇರವಾಗಿ ರೆಸ್ಯೂಮೆಗೆ ಹೋಗಲಿ. ಎರಡನೆಯದು ‘ಮೇಲ್ವಿಚಾರಣೆಯಲ್ಲಿ’ ಎಂಬ ಮಾತಿನೊಂದಿಗೆ ಹೋಗಲಿ. ಮೂರನೆಯದು ಹೋಗುವುದು ಬೇಡ.

ಮೆಷಿನಿನ ವಿವರಗಳನ್ನು ಬಿಡಬೇಡಿ. ಕಂಟ್ರೋಲ್ (ಮೆಷಿನನ್ನು ನಡೆಸುವ ಗಣಕ) ಫ್ಯಾನುಕ್ ಅಥವಾ ಸೀಮೆನ್ಸ್, ಯಾವ ಲೋಹ, ಯಾವ ಬಗೆಯ ಪೀಸ್, ಎಷ್ಟು ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ), ಯಾವ ಅಳತೆ ಸಾಧನ ಎಂಬುದೆಲ್ಲ ಬರಲಿ. ‘ಸಿಎನ್‌ಸಿ ಅನುಭವ ಮೂರು ವರ್ಷ’ ಎಂಬುದಕ್ಕಿಂತ, ‘ಫ್ಯಾನುಕ್ ಕಂಟ್ರೋಲ್ ಇರುವ ಟರ್ನಿಂಗ್ ಸೆಂಟರ್‌ನಲ್ಲಿ ಇಎನ್8 ಉಕ್ಕಿನ ಶಾಫ್ಟ್ ಮತ್ತು ಬುಷ್‌ಗಳು, 0.02 ಮಿ.ಮೀ. ಟಾಲರೆನ್ಸ್, ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಬಳಕೆ, ಡ್ರಾಯಿಂಗ್ ಓದಿ ಕೆಲಸ’ ಎಂಬುದು ಆ ಕ್ಷೇತ್ರದವರಿಗೆ ನಿಮ್ಮ ಕೈಯನ್ನೇ ತೋರಿಸಿದಂತೆ.

ಇಲ್ಲದ ಸೆಟ್ಟರ್ ಅನುಭವವನ್ನು ಬರೆದರೆ ಆಗುವ ಕೇಡು ಸಂದರ್ಶನಕ್ಕೆ ಮುಗಿಯುವುದಿಲ್ಲ. ಆಫ್‌ಸೆಟ್‌ನಲ್ಲಿ ಒಂದು ಚಿಹ್ನೆ ತಪ್ಪಿದರೂ ಟರೆಟ್ ಹೋಗಿ ಚಕ್‌ಗೆ ಬಡಿಯಬಹುದು, ಪಕ್ಕದಲ್ಲಿ ನಿಂತವರಿಗೆ ಅಪಾಯ. ಅದಕ್ಕಾಗಿಯೇ ಒಳ್ಳೆಯ ಕಂಪನಿಗಳು ಒಂದು ಡ್ರಾಯಿಂಗ್ ಕೈಗೆ ಕೊಟ್ಟು, ಮೆಷಿನ್ ಮುಂದೆ ನಿಲ್ಲಿಸಿ ಪರೀಕ್ಷಿಸುತ್ತವೆ. ‘ಆಪರೇಟರ್ ಕೆಲಸ ಪೂರ್ತಿ ಬರುತ್ತದೆ, ಸೆಟ್ಟಿಂಗ್‌ನಲ್ಲಿ ಇಷ್ಟು ಹಂತ ಬರುತ್ತದೆ’ ಎಂದು ಸ್ಪಷ್ಟವಾಗಿ ಬರೆದವರನ್ನು ಆಪರೇಟರ್ ಆಗಿ ತೆಗೆದುಕೊಂಡು ಸೆಟ್ಟಿಂಗ್ ಕಲಿಸಲು ಅನೇಕರು ಸಿದ್ಧರಿರುತ್ತಾರೆ. ಉಳಿದ ಹಂತಗಳನ್ನು ಹೊರಗೆ ಕಲಿಯಬೇಕೆಂದಿದ್ದರೆ, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ ಆರಂಭವಾಗಿ ಇಂದು ರಾಜ್ಯದ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳನ್ನು ಹೊಂದಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರೂ ಜಿಟಿಟಿಸಿ ಎನ್ನುವ ಸಂಸ್ಥೆ, ಅಲ್ಪಾವಧಿಯ ಸಿಎನ್‌ಸಿ ತರಬೇತಿ ನೀಡುತ್ತದೆ.

ಪ್ರಶ್ನೆ: ರೆಸ್ಯೂಮೆಯಲ್ಲಿ ತಂದೆಯ ಹೆಸರು, ಜಾತಿ, ವೈವಾಹಿಕ ಸ್ಥಿತಿ, ಆಧಾರ್ ಸಂಖ್ಯೆ, ಫೋಟೊ, ಕೊನೆಯಲ್ಲಿ ‘ಮೇಲಿನ ವಿವರಗಳು ಸತ್ಯ’ ಎಂಬ ಘೋಷಣೆ ಇವೆಲ್ಲ ಇರಲೇಬೇಕೇ?
— ಮಂಡ್ಯದ ಓದುಗ

ಉತ್ತರ: ಬೇಕಿಲ್ಲ. ಅವು ಹಳೆಯ ಬಯೋಡೇಟಾದಿಂದ ಉಳಿದು ಬಂದವು. ಸರ್ಕಾರಿ ನೇಮಕಾತಿಯಲ್ಲಿ ಜಾತಿ, ಮೀಸಲಾತಿಯ ವಿವರಗಳಿಗೆ ಅರ್ಜಿ ನಮೂನೆಯಲ್ಲೇ ಜಾಗವಿರುತ್ತದೆ. ಖಾಸಗಿ ಕಂಪನಿಗೆ ಕಳುಹಿಸುವ ರೆಸ್ಯೂಮೆಯಲ್ಲಿ ಹೆಸರು, ಊರು, ಮೊಬೈಲ್ ಸಂಖ್ಯೆ, ಇ-ಮೇಲ್ ಇಷ್ಟು ಸಾಕು. ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯ ಸಂಖ್ಯೆಗಳನ್ನಂತೂ ಖಂಡಿತ ಬರೆಯಬೇಡಿ; ರೆಸ್ಯೂಮೆ ಯಾರ ಯಾರ ಕೈಗೆ ಹೋಗುತ್ತದೆ ಎಂಬುದು ನಿಮ್ಮ ಹಿಡಿತದಲ್ಲಿ ಇರುವುದಿಲ್ಲ. ಘೋಷಣೆ ಇದ್ದರೆ ತೊಂದರೆಯಿಲ್ಲ, ಇಲ್ಲದಿದ್ದರೆ ಕೊರತೆಯೂ ಅಲ್ಲ. ಉಳಿದ ಜಾಗವನ್ನು ನಿಮ್ಮ ಕೆಲಸಕ್ಕೆ ಕೊಡಿ. ವಿನ್ಯಾಸ ಸರಳವಾಗಿರಲಿ: ಬಣ್ಣದ ಪೆಟ್ಟಿಗೆಗಳು, ಅಕ್ಕಪಕ್ಕದ ಅಂಕಣಗಳು, ಕೌಶಲಕ್ಕೆ ನಕ್ಷತ್ರ ಕೊಟ್ಟುಕೊಳ್ಳುವ ಚಿತ್ರಗಳು ಕೆಲವು ತಂತ್ರಾಂಶಗಳಲ್ಲಿ ಸರಿಯಾಗಿ ಓದಲಾಗದೆ ಅಸ್ತವ್ಯಸ್ತವಾಗುತ್ತವೆ.

ಪ್ರಶ್ನೆ: ಡಿಎಂಎಲ್‌ಟಿ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ) ಮುಗಿಸಿ ಖಾಸಗಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಐದು ವರ್ಷ ತಂತ್ರಜ್ಞೆಯಾಗಿದ್ದೆ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ನಂತರ ಅತ್ತೆಯವರ ಆರೈಕೆಯೂ ಸೇರಿ ಆರು ವರ್ಷ ಮನೆಯಲ್ಲೇ ಉಳಿದೆ. ಈಗ ಊರಿನ ಡಯಾಗ್ನೋಸ್ಟಿಕ್ ಕೇಂದ್ರವೊಂದು ಜನ ಕೇಳುತ್ತಿದೆ. ಈ ಆರು ವರ್ಷಗಳನ್ನು ರೆಸ್ಯೂಮೆಯಲ್ಲಿ ಹೇಗೆ ಮರೆಮಾಡಲಿ? ಅತ್ತೆಯವರ ಸಕ್ಕರೆ ಕಾಯಿಲೆಯನ್ನು ನೋಡಿಕೊಂಡದ್ದನ್ನು ಅನುಭವ ಎಂದು ಬರೆಯಬಹುದೇ?
— ಶಿವಮೊಗ್ಗದ ಓದುಗರು

ಉತ್ತರ: ಮರೆಮಾಡುವ ಅಗತ್ಯವೇ ಇಲ್ಲ, ತಾಯಿ. ಇಸವಿಗಳನ್ನು ಕೈಬಿಟ್ಟ ರೆಸ್ಯೂಮೆಯನ್ನು ಕಂಡ ಕೂಡಲೇ ಓದುವವರು ಇಸವಿಗಳನ್ನೇ ಹುಡುಕಲು ತೊಡಗುತ್ತಾರೆ. ಬಿಡುವಿನ ಆರಂಭದ ಮತ್ತು ಕೊನೆಯ ಇಸವಿ ಬರೆದು, ‘ಮಗುವಿನ ಪಾಲನೆ ಮತ್ತು ಕುಟುಂಬದ ಹಿರಿಯರ ಆರೈಕೆಗಾಗಿ ಬಿಡುವು, ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧ’ ಎಂಬ ಒಂದೇ ಸಾಲು ಕೊಡಿ. ಅದಕ್ಕೆ ಸಮಜಾಯಿಷಿ, ಕ್ಷಮೆ ಯಾವುದೂ ಬೇಡ. ಅತ್ತೆಯವರನ್ನು ನೋಡಿಕೊಂಡದ್ದು ದೊಡ್ಡ ಕೆಲಸವೇ. ಆದರೆ ಮನೆಯಲ್ಲಿ ಗ್ಲೂಕೋಮೀಟರ್ ಬಳಸಿದ್ದನ್ನು ಪ್ರಯೋಗಾಲಯದ ಅನುಭವದ ಕೆಳಗೆ ಸೇರಿಸಿದರೆ, ನಿಮ್ಮ ನಿಜವಾದ ಐದು ವರ್ಷದ ಅನುಭವವೂ ಹಗುರವಾಗಿ ಕಾಣುತ್ತದೆ. ಅದನ್ನು ಸೇರಿಸಬೇಡಿ ಎಂಬುದು ನನ್ನ ಸಲಹೆ.

ನಿಮ್ಮ ಬಲವಿರುವುದು ಆ ಐದು ವರ್ಷಗಳಲ್ಲಿ. ರಕ್ತದ ಮಾದರಿ ತೆಗೆಯುವುದು, ಪರೀಕ್ಷೆಗೆ ತಕ್ಕ ಟ್ಯೂಬ್ ಆರಿಸುವುದು, ಸೆಲ್ ಕೌಂಟರ್ ಮತ್ತು ಬಯೋಕೆಮಿಸ್ಟ್ರಿ ಅನಲೈಸರ್ ನಡೆಸುವುದು, ರಕ್ತಲೇಪ ಮಾಡಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಇವುಗಳನ್ನು ಯಾವ ಉಪಕರಣದಲ್ಲಿ, ದಿನಕ್ಕೆ ಸುಮಾರು ಎಷ್ಟು ಮಾದರಿ ಎಂಬ ಲೆಕ್ಕದೊಂದಿಗೆ ಬರೆಯಿರಿ. ಮಕ್ಕಳಿಂದ, ವಯಸ್ಸಾದವರಿಂದ ರಕ್ತ ತೆಗೆಯುವ ಕೈ ನಿಮ್ಮದಾಗಿದ್ದರೆ ಅದನ್ನು ವಿಶೇಷವಾಗಿ ಹೇಳಿ. ಮಾದರಿ ಸಂಗ್ರಹಿಸುವ ಕೇಂದ್ರಗಳಿಗೆ ಅಂಥವರು ಸುಲಭವಾಗಿ ಸಿಗುವುದಿಲ್ಲ.

ಜಾಹೀರಾತು ಕೊಟ್ಟ ಕೇಂದ್ರಕ್ಕೆ ಎನ್‌ಎಬಿಎಲ್ (ಪ್ರಯೋಗಾಲಯಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಇದ್ದರೆ ಅದು ಐಎಸ್‌ಒ 15189 ಎಂಬ ವೈದ್ಯಕೀಯ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನದಂಡದಂತೆ ನಡೆಯುವ ಪ್ರಯೋಗಾಲಯ. ಅಲ್ಲಿ ಫಲಿತಾಂಶ ಕೊಡುವಷ್ಟೇ ಮುಖ್ಯವಾದದ್ದು ಆ ಫಲಿತಾಂಶ ನಂಬಲರ್ಹ ಎಂಬುದಕ್ಕೆ ದಾಖಲೆ ಇಡುವುದು. ಬೆಳಿಗ್ಗೆ ರೋಗಿಗಳ ಮಾದರಿಗೆ ಮೊದಲು ಕಂಟ್ರೋಲ್ (ಫಲಿತಾಂಶ ಮೊದಲೇ ಗೊತ್ತಿರುವ ಮಾದರಿ) ಹಾಕುವುದು, ಅದರ ಅಳತೆಗಳನ್ನು ದಿನದಿನದ ಏರಿಳಿತ ತೋರಿಸುವ ಲೆವಿ-ಜೆನ್ನಿಂಗ್ಸ್ ನಕ್ಷೆಯಲ್ಲಿ ಗುರುತಿಸುವುದು, ಮಿತಿ ಮೀರಿದಾಗ ವರದಿ ತಡೆಹಿಡಿದು ಕಾರಣ ಹುಡುಕುವುದು, ಫ್ರಿಜ್‌ನ ಉಷ್ಣತೆಯನ್ನು ಬರೆದಿಡುವುದು ಇವನ್ನೆಲ್ಲ ನೀವು ಹಿಂದೆ ಮಾಡಿದ್ದರೆ, ಅದು ನಿತ್ಯದ ಸಾಮಾನ್ಯ ಕೆಲಸ ಎಂದು ಬಿಟ್ಟುಬಿಡಬೇಡಿ. ಅವರು ಹುಡುಕುತ್ತಿರುವುದು ಅದನ್ನೇ. ಬಾರ್‌ಕೋಡ್, ಪ್ರಯೋಗಾಲಯದ ಗಣಕ ವ್ಯವಸ್ಥೆ ನಿಮ್ಮ ಕಾಲದಲ್ಲಿ ಇರಲಿಲ್ಲವಾದರೆ ಇತ್ತು ಎಂದು ಬರೆಯಬೇಡಿ. ಪರಿಚಯದ ಪ್ರಯೋಗಾಲಯವೊಂದರಲ್ಲಿ ಅನುಮತಿ ಪಡೆದು ಕೆಲವು ದಿನ ಕೆಲಸ ನೋಡಿ, ನೋಡಿದ್ದನ್ನು ನೋಡಿದ್ದೆಂದೇ ಸಂದರ್ಶನದಲ್ಲಿ ಹೇಳಿ. ಪ್ಯಾರಾಮೆಡಿಕಲ್ ಮಂಡಳಿಯ ಪ್ರಮಾಣಪತ್ರ ಮತ್ತು ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದನ್ನೂ ಅರ್ಜಿಗೆ ಮುಂಚೆಯೇ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಕನ್ನಡ ಎಂ.ಎ.ಯಲ್ಲಿ ರ‍್ಯಾಂಕ್ ಬಂದಿದೆ. ವಿಚಾರ ಸಂಕಿರಣಗಳಲ್ಲಿ ಪ್ರಬಂಧ ಮಂಡಿಸಿದ್ದೇನೆ, ಕವನ ಸ್ಪರ್ಧೆಗಳಲ್ಲಿ ಬಹುಮಾನ ಪಡೆದಿದ್ದೇನೆ. ಮೊಬೈಲ್ ಆ್ಯಪ್‌ಗಳ ಕನ್ನಡ ಅನುವಾದವನ್ನು ಪರಿಶೀಲಿಸುವ ಹುದ್ದೆಗೆ ಅರ್ಜಿ ಹಾಕಿದರೆ ಉತ್ತರವೇ ಇಲ್ಲ. ಸಾಹಿತ್ಯ ಓದಿದವರಿಗೆ ಇಲ್ಲಿ ಬೆಲೆ ಇಲ್ಲವೇ?
— ಧಾರವಾಡದ ಓದುಗರು

ಉತ್ತರ: ಬೆಲೆ ಇದೆ, ಮತ್ತು ಈ ಕೆಲಸಕ್ಕೆ ನಿಮ್ಮಂಥವರು ಬೇಕು ಎಂದು ನಾನು ಮನಸಾರೆ ನಂಬುತ್ತೇನೆ. ಯಂತ್ರಾನುವಾದದ ಕನ್ನಡ ಎಷ್ಟು ಕಡೆ ಕ್ರಿಯಾಪದದ ಲಿಂಗ ತಪ್ಪಿ, ವಿಭಕ್ತಿ ತಪ್ಪಿ ನಮ್ಮ ಮೊಬೈಲುಗಳಲ್ಲಿ ಕುಳಿತಿದೆ ಎಂಬುದನ್ನು ದಿನವೂ ನೋಡುತ್ತಿದ್ದೇವೆ. ಆದರೆ ನೀವು ಕಳುಹಿಸಿದ ರೆಸ್ಯೂಮೆಯ ಮೊದಲ ಪುಟದಲ್ಲಿ ಇರುವುದೆಲ್ಲ ಬಹುಮಾನ ಮತ್ತು ಪ್ರಬಂಧಗಳು. ಅನುವಾದದ ಕೆಲಸ ಎರಡನೆಯ ಪುಟದ ಕೊನೆಯಲ್ಲಿದೆ.

ನಾವು ಯಾವುದರ ಬಗ್ಗೆ ಹೆಚ್ಚು ಹೆಮ್ಮೆಪಡುತ್ತೇವೋ ಅದೇ ಓದುವವರಿಗೂ ಮುಖ್ಯವಾಗಿರಬೇಕೆಂದಿಲ್ಲ. ಲಿಯೊನಾರ್ಡೊ ಡಾ ವಿಂಚಿ 1482ರ ಸುಮಾರಿಗೆ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನ ಬಳಿ ಕೆಲಸ ಕೇಳಿ ಬರೆಸಿದ ಪತ್ರದ ಕರಡು ಇಂದಿಗೂ ಉಳಿದಿದೆ. ಹೊತ್ತೊಯ್ಯಬಹುದಾದ ಸೇತುವೆ, ಮುತ್ತಿಗೆಯಲ್ಲಿ ಕಂದಕದ ನೀರು ತೆಗೆಯುವ ಉಪಾಯ, ಫಿರಂಗಿ, ಮುಚ್ಚಿದ ಯುದ್ಧರಥ ಎಂದು ಸಾಲಾಗಿ ಯುದ್ಧದ ಕೌಶಲಗಳೇ ಅದರಲ್ಲಿವೆ. ಶಾಂತಿಕಾಲದ ಕಟ್ಟಡಗಳ ಮಾತು ಆಮೇಲೆ, ಶಿಲ್ಪ ಮತ್ತು ಚಿತ್ರಕಲೆ ಕೊನೆಯಲ್ಲಿ. ಆ ದೊರೆಗೆ ಆಗ ಬೇಕಾಗಿದ್ದದ್ದು ಏನೆಂದು ತಿಳಿದು ಬರೆದ ಕ್ರಮ ಅದು. ಚಿತ್ರಕಲೆಯನ್ನು ಅವನು ಬಿಟ್ಟುಬಿಡಲಿಲ್ಲ, ಅದಕ್ಕೆ ತಕ್ಕ ಜಾಗದಲ್ಲಿ ಇಟ್ಟ.

ನಿಮ್ಮ ರ‍್ಯಾಂಕ್ ವಿದ್ಯಾಭ್ಯಾಸದ ಸಾಲಿನಲ್ಲಿ ಇರಲಿ. ಮೇಲೆ ಬರಬೇಕಾದವು ಬೇರೆ: ಕಾಲೇಜು ಸಂಚಿಕೆಯ ಕರಡು ತಿದ್ದಿದ್ದು, ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿದ ಅನುವಾದಗಳು ಎಷ್ಟು ಪದ, ಯಾವ ವಿಷಯ ಎಂಬ ವಿವರ, ಪಾರಿಭಾಷಿಕ ಪದಗಳನ್ನು ಒಂದೇ ರೀತಿ ಬಳಸಲು ನೀವು ಮಾಡಿಕೊಂಡ ಪಟ್ಟಿ, ಟೈಪಿಂಗ್ ವೇಗ. ಆ್ಯಪ್‌ನ ಗುಂಡಿಯ ಮೇಲೆ ಹತ್ತು ಹನ್ನೆರಡು ಅಕ್ಷರಗಳಷ್ಟೇ ಹಿಡಿಸುವಾಗ ಅರ್ಥ ಕೆಡದಂತೆ ಕನ್ನಡವನ್ನು ಚಿಕ್ಕದಾಗಿಸುವುದು ಈ ಕೆಲಸದ ನಿತ್ಯದ ಸವಾಲು. ಕವಿತೆ ಬರೆದ ಕೈಗೆ ಅದು ಒಗ್ಗುತ್ತದೆ. ಈಗ ಬಳಕೆಯಲ್ಲಿರುವ ಯಾವುದಾದರೂ ಆ್ಯಪ್‌ನ ಹತ್ತು ಕನ್ನಡ ವಾಕ್ಯಗಳನ್ನು ಆರಿಸಿ, ತಪ್ಪು ಏನು, ಸರಿ ಏನು, ಏಕೆ ಎಂದು ಒಂದು ಪುಟ ಬರೆದು ರೆಸ್ಯೂಮೆಯ ಜೊತೆಗೆ ಕಳುಹಿಸಿ. ನಿಮ್ಮ ಬಹುಮಾನಗಳ ಪಟ್ಟಿಗಿಂತ ಆ ಒಂದು ಪುಟ ಹೆಚ್ಚು ಮಾತಾಡುತ್ತದೆ.

ತಾಂತ್ರಿಕವಾದ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಿಮ್ಮ ಮಾದರಿ ಬರಹಗಳು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿದ್ದರೆ, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾರೆ ನೋಡಿ, ಪಿಡಿಎಫ್ ಮಾಡಿ ಕಳುಹಿಸಿ. ಭಾಷೆಯ ಗುಣಮಟ್ಟ ನೋಡುವ ಹುದ್ದೆಗೆ ಬಂದ ಅರ್ಜಿಯಲ್ಲೇ ಅಕ್ಷರಗಳು ಚದುರಿದ್ದರೆ ಅದನ್ನು ಮುಂದೆ ಓದುವವರಿಲ್ಲ.

ಪ್ರಶ್ನೆ: ನಮ್ಮ ತರಗತಿಯಲ್ಲಿ ಎಲ್ಲರೂ ಕೃತಕ ಬುದ್ಧಿಮತ್ತೆಯ ಸಹಾಯದಿಂದ ರೆಸ್ಯೂಮೆ ಬರೆಸುತ್ತಿದ್ದೇವೆ. ಜಾಹೀರಾತನ್ನು ಹಾಕಿದರೆ ಅದಕ್ಕೆ ಹೊಂದುವಂತೆ ಬರೆದು ಕೊಡುತ್ತದೆ. ಇದರಲ್ಲಿ ತಪ್ಪಿದೆಯೇ?
— ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ

ಉತ್ತರ: ಇಂಗ್ಲಿಷ್ ತಿದ್ದಿಸಿಕೊಳ್ಳುವುದರಲ್ಲಿ ತಪ್ಪಿಲ್ಲ, ಕನ್ನಡ ಮಾಧ್ಯಮದಿಂದ ಬಂದವರಿಗೆ ಅದು ಒಳ್ಳೆಯ ಆಸರೆಯೇ. ಜಾಹೀರಾತಿನಲ್ಲಿ ನಾನು ಗಮನಿಸದೆ ಬಿಟ್ಟದ್ದು ಏನು ಎಂದು ಕೇಳುವುದೂ ಸರಿ. ಆದರೆ ಜಾಹೀರಾತನ್ನು ಮಾತ್ರ ಅದಕ್ಕೆ ಕೊಟ್ಟು ನಿಮ್ಮ ಕೆಲಸದ ವಿವರ ಕೊಡದಿದ್ದರೆ, ಅದು ಜಾಹೀರಾತನ್ನೇ ತಿರುಗಿಸಿ ನಿಮ್ಮ ಹೆಸರಿನಲ್ಲಿ ಬರೆದುಕೊಡುತ್ತದೆ. ನಿಮ್ಮ ತರಗತಿಯ ಅರವತ್ತು ಜನರ ರೆಸ್ಯೂಮೆ ಒಂದೇ ಕಂಪನಿಗೆ ಹೋದಾಗ ಎಲ್ಲವೂ ಒಂದೇ ಧಾಟಿಯಲ್ಲಿರುತ್ತವೆ. ಮೊದಲು ನಿಮ್ಮ ಪ್ರಾಜೆಕ್ಟ್‌ನಲ್ಲಿ ನೀವೇ ಮಾಡಿದ ಭಾಗ ಯಾವುದು, ಯಾವ ತೊಡಕು ಬಂತು, ಅದನ್ನು ಹೇಗೆ ಬಿಡಿಸಿದಿರಿ ಎಂಬುದನ್ನು ನಿಮಗೆ ಬರುವ ಕನ್ನಡದಲ್ಲಿ ಬರೆದುಕೊಳ್ಳಿ. ಅದನ್ನು ಇಂಗ್ಲಿಷಿಗೆ ತರಲು ನೆರವು ಪಡೆಯಿರಿ. ಬಂದ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಆ ಸಾಲಿನ ಬಗ್ಗೆ ಐದು ನಿಮಿಷ ಮಾತಾಡಬಲ್ಲೆನೇ ಎಂದು ಕೇಳಿಕೊಳ್ಳಿ. ಆಗದ ಸಾಲನ್ನು ಅಳಿಸಿ. ಜಾಹೀರಾತಿನ ಪದಗಳನ್ನು ಬಿಳಿ ಬಣ್ಣದಲ್ಲಿ ಅಡಗಿಸಿಡುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ, ಅದು ಮೋಸ, ಹತ್ತಿರ ಹೋಗಬೇಡಿ.

ಪ್ರಶ್ನೆ: ಮಗ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾಯಿತು, ಕೆಲಸ ಸಿಕ್ಕಿಲ್ಲ. ಬೆಂಗಳೂರಿನ ಕನ್ಸಲ್ಟೆನ್ಸಿಯೊಂದು ಹಣ ಕೊಟ್ಟರೆ ಎರಡು ವರ್ಷದ ಅನುಭವ ಪತ್ರ, ಸಂಬಳದ ಚೀಟಿ ಎಲ್ಲ ಮಾಡಿಕೊಡುವುದಾಗಿ ಹೇಳುತ್ತಿದೆ. ಅನುಭವ ಇದ್ದರೆ ಕೆಲಸ ಸಿಗುತ್ತದೆ ಎಂದು ಮಗ ಹಟ ಹಿಡಿದಿದ್ದಾನೆ. ಏನು ಮಾಡಲಿ?
— ಕಲಬುರಗಿಯ ತಂದೆಯೊಬ್ಬರು

ಉತ್ತರ: ದಯವಿಟ್ಟು ಕೊಡಬೇಡಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಎರಡು ವರ್ಷ ಮನೆಯಲ್ಲಿ ಕುಳಿತ ಮಗನ ಮುಖ ನೋಡುವುದು ಯಾವ ತಂದೆಗೂ ಸುಲಭವಲ್ಲ. ಆದರೆ ಈ ದಾರಿ ಅವನನ್ನು ಇನ್ನೂ ದೊಡ್ಡ ಕಷ್ಟಕ್ಕೆ ತಳ್ಳುತ್ತದೆ. ಭವಿಷ್ಯ ನಿಧಿಗೆ ಸೇರಿದ ಪ್ರತಿ ನೌಕರನಿಗೂ 2014ರಿಂದ ಯುಎಎನ್ ಎಂಬ ಒಂದೇ ಸಂಖ್ಯೆ ಇರುತ್ತದೆ. ಯಾವ ಕಂಪನಿಗೆ ಎಂದು ಸೇರಿದ, ಎಂದು ಬಿಟ್ಟ ಎಂಬ ಸೇವಾ ವಿವರ ಅದರಲ್ಲಿ ದಾಖಲಾಗುತ್ತದೆ. ಸಂಬಳ ಬಂದ ಬ್ಯಾಂಕ್ ಖಾತೆಯ ವಿವರ, ತೆರಿಗೆ ಕಡಿತದ ದಾಖಲೆಗಳನ್ನೂ ಕಂಪನಿಗಳು ಕೇಳುತ್ತವೆ. ಪರಿಶೀಲನೆ ಎಷ್ಟೋ ಸಲ ಕೆಲಸಕ್ಕೆ ಸೇರಿದ ನಂತರ ಮುಗಿಯುತ್ತದೆ. ಆಗ ಸಿಕ್ಕಿಬಿದ್ದರೆ ಕೆಲಸ ಹೋಗುವುದಲ್ಲದೆ, ಖೋಟಾ ದಾಖಲೆ ಕೊಟ್ಟ ಅಪರಾಧವೂ ಅವನ ತಲೆಯ ಮೇಲೆ ಬರುತ್ತದೆ. ಸಂದರ್ಶನದಲ್ಲಿ ಪಾರಾದರೂ, ಎರಡು ವರ್ಷದ ಅನುಭವವಿದೆ ಎಂದು ನಂಬಿ ಕೆಲಸ ಕೊಟ್ಟಾಗ ಅವನು ಪ್ರತಿದಿನ ಹೆದರಿಕೊಂಡು ಬದುಕಬೇಕಾಗುತ್ತದೆ.

ಅವನಿಗೆ ಬೇಕಾಗಿರುವುದು ನಿಜವಾದ ಅನುಭವ, ಅದಕ್ಕೆ ಕಾನೂನಿನಲ್ಲೇ ದಾರಿಯಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ಎಂಜಿನಿಯರಿಂಗ್ ಪದವೀಧರರಿಗೂ ಡಿಪ್ಲೊಮಾ ಮುಗಿಸಿದವರಿಗೂ ಒಂದು ವರ್ಷದ ಶಿಶಿಕ್ಷು ತರಬೇತಿ ಇದೆ. ನ್ಯಾಟ್ಸ್ ಎಂದು ಕರೆಯುವ ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯ ಜಾಲತಾಣದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಬಹುದು. ಸಾರ್ವಜನಿಕ ಉದ್ದಿಮೆಗಳೂ ಖಾಸಗಿ ಕಂಪನಿಗಳೂ ಅದರ ಮೂಲಕ ಜನ ತೆಗೆದುಕೊಳ್ಳುತ್ತವೆ, ತಿಂಗಳಿಗೆ ಸ್ಟೈಪೆಂಡ್ ಇರುತ್ತದೆ, ಮುಗಿದಾಗ ಸರ್ಕಾರ ಮಾನ್ಯ ಮಾಡಿದ ಪ್ರಮಾಣಪತ್ರ ಸಿಗುತ್ತದೆ. ಪದವಿ ಪಡೆದು ಎಷ್ಟು ವರ್ಷದೊಳಗೆ ಸೇರಬೇಕು ಎಂಬ ಮಿತಿಯನ್ನು ಪ್ರತಿ ಪ್ರಕಟಣೆಯಲ್ಲೂ ಮೊದಲು ನೋಡಿಕೊಳ್ಳಲಿ, ಆದ್ದರಿಂದ ತಡಮಾಡುವುದು ಬೇಡ.

ಅಲ್ಲಿಯವರೆಗೆ ಅವನ ರೆಸ್ಯೂಮೆಯಲ್ಲಿ ಬರೆಯಲು ಏನೂ ಇಲ್ಲ ಎಂದುಕೊಳ್ಳಬೇಡಿ. ಈ ಎರಡು ವರ್ಷ ಅವನು ನಿಜಕ್ಕೂ ಏನು ಮಾಡಿದ ಎಂದು ಅವನ ಜೊತೆ ಕುಳಿತು ಕೇಳಿ: ಅಂಗಡಿಯ ಲೆಕ್ಕ ನೋಡಿಕೊಂಡನೇ, ಹುಡುಗರಿಗೆ ಪಾಠ ಹೇಳಿದನೇ, ಯಾವುದಾದರೂ ಪಂಪ್‌ಸೆಟ್, ಸೋಲಾರ್, ಸಿಸಿಟಿವಿ ಕೆಲಸಕ್ಕೆ ಹೋಗಿದ್ದನೇ, ಸ್ವಂತವಾಗಿ ಏನಾದರೂ ಕಲಿತನೇ? ಸಿಸಿಟಿವಿ ಅಳವಡಿಸಲು ಹೋದವನಿಗೆ ಕೇಬಲ್ ಎಳೆಯುವುದು, ಐಪಿ ವಿಳಾಸ ಕೊಡುವುದು, ರೂಟರ್ ಹೊಂದಿಸುವುದು ಬಂದಿರುತ್ತದೆ. ನೆಟ್‌ವರ್ಕ್ ಸಪೋರ್ಟ್‌ನ ಆರಂಭದ ಹುದ್ದೆಗಳ ಜಾಹೀರಾತಿನಲ್ಲಿ ಕೇಳುವುದರಲ್ಲಿ ಒಂದು ಭಾಗ ಅದೇ. ಅಂಥದ್ದು ಸಿಕ್ಕರೆ ದಿನಾಂಕ, ಊರು, ಮಾಡಿದ ಕೆಲಸ ಇಷ್ಟನ್ನು ಇದ್ದದ್ದು ಇದ್ದಂತೆ ಬರೆಯಲಿ, ಕೆಲಸ ಮಾಡಿಸಿಕೊಂಡವರಿಂದ ಎರಡು ಸಾಲಿನ ಪತ್ರ ಪಡೆದು ಇಟ್ಟುಕೊಳ್ಳಲಿ. ಆ ರೆಸ್ಯೂಮೆಯನ್ನು ನಮ್ಮ ವಿಳಾಸಕ್ಕೆ ಕಳುಹಿಸಿದರೆ ನೋಡಿ, ಯಾವ ಹುದ್ದೆಗಳಿಗೆ ಅದು ಹೊಂದುತ್ತದೆ ಎಂಬುದನ್ನು ಖಾಸಗಿಯಾಗಿ ತಿಳಿಸುತ್ತೇನೆ.